ಟ್ಯಾಬ್ಲೆಟ್ ಕೊಳ್ಳುವ ಮೊದಲು ಪೆನ್ನು ನೋಡಿ, ಪುಟ ಅಳೆಯಿರಿ

ಪ್ರಶ್ನೆ: ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಪಾಠದ ಟಿಪ್ಪಣಿಗಳೆಲ್ಲ ಪಿಡಿಎಫ್ ಆಗಿ ಬರುತ್ತವೆ, ಜತೆಗೆ ದಿನಕ್ಕೆ ಎರಡು ಗಂಟೆಯಷ್ಟು ವಿಡಿಯೊ ಪಾಠ. ಸಮೀಕರಣ, ಚಿತ್ರಗಳನ್ನು ಕೈಯಲ್ಲೇ ಬರೆದರೆ ಮಾತ್ರ ತಲೆಗೆ ಹೋಗುತ್ತದೆ ಅನ್ನುತ್ತಾಳೆ. ಹೈಸ್ಕೂಲಿನ ಮಗನಿಗೆ ಚಿತ್ರ ಬಿಡಿಸುವ ಹುಚ್ಚು. ಸಂಜೆಯಾದರೆ ಅವನಿಗೂ ಅದೇ ಬೇಕು. ಎ16 ಚಿಪ್‌ನ ಐಪ್ಯಾಡ್, ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ, ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್, ಶಿಯೋಮಿ ಪ್ಯಾಡ್ 7 – ಈ ನಾಲ್ಕನ್ನು ಹೋಲಿಸಿ ಹೋಲಿಸಿ ತಲೆ ಕೆಟ್ಟಿದೆ. ಒಬ್ಬರು ರ‍್ಯಾಮ್ ನೋಡಿ ಅನ್ನುತ್ತಾರೆ, ಇನ್ನೊಬ್ಬರು ಬ್ಯಾಟರಿಯ ಎಂಎಎಚ್ ನೋಡಿ ಅನ್ನುತ್ತಾರೆ, ಮತ್ತೊಬ್ಬರು ‘ಕಣ್ಣುಮುಚ್ಚಿ ಐಪ್ಯಾಡ್ ತಗೊಳ್ಳಿ, ಹತ್ತು ವರ್ಷ ಬರುತ್ತೆ’ ಅನ್ನುತ್ತಾರೆ. ಟ್ಯಾಬ್ಲೆಟ್ ಇದ್ದರೆ ಲ್ಯಾಪ್‌ಟಾಪ್ ಬೇಕಾಗುವುದಿಲ್ಲವೇ? ಒಮ್ಮೆ ಕೊಂಡರೆ ನಾಲ್ಕೈದು ವರ್ಷವಾದರೂ ಬಾಳಬೇಕು. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ರ‍್ಯಾಮ್, ಎಂಎಎಚ್, ಚಿಪ್ ಎಲ್ಲ ಬಂದಿವೆ. ಆದರೆ ಮನೆಯಲ್ಲಿ ಆಗಬೇಕಿರುವ ಕೆಲಸ ಮೂರೇ: ಎ4 ಅಳತೆಯ ಪುಟ ಓದುವುದು, ಅದರ ಮೇಲೆ ಕೈಯಲ್ಲಿ ಬರೆಯುವುದು, ಪಾಠದ ವಿಡಿಯೊ ನೋಡುವುದು. ಮಗನ ಚಿತ್ರವೂ ಬರವಣಿಗೆಯದ್ದೇ ಇನ್ನೊಂದು ರೂಪ. ವಿಡಿಯೊ ಓಡಿಸುವ, ಪಿಡಿಎಫ್ ತೆರೆಯುವ ಶಕ್ತಿ ಈ ನಾಲ್ಕೂ ಚಿಪ್‌ಗಳಿಗಿದೆ. ಹಾಗಾಗಿ ಚಿಪ್‌ನಿಂದ ಹೋಲಿಕೆ ಶುರುಮಾಡಿದರೆ ತಲೆ ಕೆಡದೆ ಇನ್ನೇನಾದೀತು? ಪೆನ್ನಿನಿಂದ ಶುರುಮಾಡಿ. ಆಮೇಲೆ ಪುಟದ ಅಗಲ ನೋಡಿ. ಉಳಿದದ್ದು ತಾನಾಗಿ ಹಿಂದೆ ಸರಿಯುತ್ತದೆ.

ಪೆನ್ನು

‘ಪೆನ್ ಬಳಸಬಹುದು’ ಎಂಬ ಒಂದೇ ಮಾತಿನ ಕೆಳಗೆ ಬೇರೆ ಬೇರೆ ತಂತ್ರಗಳಿವೆ. ಮೊದಲನೆಯದು ಪರದೆಯನ್ನು ಬೆರಳೆಂದು ನಂಬಿಸುವ ಪೆನ್ನು. ತುದಿಯಲ್ಲಿ ದಪ್ಪ ರಬ್ಬರ್ ಇರುವುದು ಒಂದು ಬಗೆ, ತುದಿ ಚೂಪಾಗಿದ್ದು ಒಳಗೆ ಬ್ಯಾಟರಿ ಇರುವುದು ಇನ್ನೊಂದು. ‘ಎಲ್ಲ ಟ್ಯಾಬ್ಲೆಟ್‌ಗೂ ಆಗುತ್ತದೆ’ ಎಂದು ಮಾರುವವು ಬಹುಪಾಲು ಇವೇ. ಪರದೆಗೆ ಪೆನ್ನು ಯಾವುದು, ಅಂಗೈ ಯಾವುದು ಎಂದು ತಿಳಿಯುವುದಿಲ್ಲ. ಕೈ ಊರಿ ಬರೆಯುವ ಅಭ್ಯಾಸ ಇರುವವರಿಗೆ ಮೊದಲ ಸಾಲಿನಲ್ಲೇ ಅಡ್ಡಾದಿಡ್ಡಿ ಗೆರೆ ಬೀಳುತ್ತದೆ, ಪುಟ ಜಾರುತ್ತದೆ. ಟ್ಯಾಬ್ ಎ9 ಪ್ಲಸ್‌ಗೆ ಸಿಗುವುದು ಈ ಬಗೆಯ ಪೆನ್ನು ಮಾತ್ರ. ಸ್ಯಾಮ್‌ಸಂಗ್‌ನ ಎಸ್ ಪೆನ್ ಗುರುತಿಸುವ ಪದರವೇ ಅದರಲ್ಲಿಲ್ಲ, ಆಮೇಲೆ ಸೇರಿಸಲೂ ಬರುವುದಿಲ್ಲ. ಕೈಬರಹ ಬೇಕೇ ಬೇಕು ಎಂದಾದರೆ ಎ9 ಪ್ಲಸ್ ಇಲ್ಲಿಗೇ ನಿಮ್ಮ ಪಟ್ಟಿಯಿಂದ ಹೊರಗೆ.

ಎರಡನೆಯದು ಎಸ್ ಪೆನ್ ಬಳಸುವ ವಿದ್ಯುತ್ಕಾಂತೀಯ ತಂತ್ರ. ಪರದೆಯ ಹಿಂದೆ ತಂತಿಯ ಜಾಲವಿರುವ ಒಂದು ಪದರ ಇರುತ್ತದೆ. ಪೆನ್ನಿನೊಳಗಿನ ಸಣ್ಣ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನಿರುವ ಜಾಗ, ಒತ್ತಡ ಎರಡನ್ನೂ ತಿಳಿಸುತ್ತದೆ. ಬರೆಯಲು ಬ್ಯಾಟರಿ ಬೇಡ, ಜೋಡಣೆ ಬೇಡ. ಆರು ತಿಂಗಳು ಡ್ರಾಯರ್‌ನಲ್ಲಿ ಬಿದ್ದಿದ್ದರೂ ತೆಗೆದು ಬರೆಯಬಹುದು. ಎಸ್10 ಎಫ್‌ಇ ಜತೆ ಈ ಪೆನ್ನು ಪೆಟ್ಟಿಗೆಯಲ್ಲೇ ಬರುತ್ತದೆ. ಇದಕ್ಕೆ ಇರುವ ಒಂದು ಕಾಟ ಆಯಸ್ಕಾಂತ. ಆಯಸ್ಕಾಂತವಿರುವ ಅಗ್ಗದ ಕವರನ್ನು ಮಡಚಿ ಟ್ಯಾಬ್ಲೆಟ್‌ನ ಬೆನ್ನಿಗೆ ಹಾಕಿದಾಗ, ಆಯಸ್ಕಾಂತ ಕೂತ ಜಾಗದ ಮೇಲೆ ಗೆರೆ ಮುರಿಯುತ್ತದೆ ಅಥವಾ ಬಾಗುತ್ತದೆ. ಪರದೆ ಹಾಳಾಯಿತೆಂದು ಎಷ್ಟೋ ಜನ ರಿಪೇರಿಗೆ ತರುತ್ತಾರೆ. ಕವರ್ ಬಿಚ್ಚಿ ಬರೆದು ನೋಡಿದರೆ ಎಲ್ಲವೂ ಸರಿಯಿರುತ್ತದೆ.

ಮೂರನೆಯದು ಒಳಗೆ ಬ್ಯಾಟರಿ ಇರುವ, ಆಯಾ ಟ್ಯಾಬ್ಲೆಟ್‌ಗೆಂದೇ ಮಾಡಿದ ಪೆನ್ನು. ಆ್ಯಪಲ್ ಪೆನ್ಸಿಲ್, ಶಿಯೋಮಿಯ ಫೋಕಸ್ ಪೆನ್ ಈ ಗುಂಪಿಗೆ ಸೇರುತ್ತವೆ. ಎರಡನ್ನೂ ಬೇರೆಯಾಗಿ ಕೊಳ್ಳಬೇಕು. ಬೆಲೆ ಹೋಲಿಸುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ. ಟ್ಯಾಬ್ಲೆಟ್‌ಗೆ ಟ್ಯಾಬ್ಲೆಟ್ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಟ್ಯಾಬ್ಲೆಟ್, ಪೆನ್ನು, ಕವರ್ ಮೂರೂ ಸೇರಿದ ಮೊತ್ತವನ್ನು.

ಐಪ್ಯಾಡ್‌ನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ನಿಮ್ಮ ಮಗನ ಮಟ್ಟಿಗೆ ಅದು ದೊಡ್ಡದೇ. ಎ16 ಐಪ್ಯಾಡ್‌ಗೆ ಆಗುವುದು ಎರಡು ಪೆನ್ಸಿಲ್ ಮಾತ್ರ: ಯುಎಸ್‌ಬಿ-ಸಿ ಪೆನ್ಸಿಲ್ ಮತ್ತು ಮೊದಲ ತಲೆಮಾರಿನ ಪೆನ್ಸಿಲ್. ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ತಿಳಿಯುವುದಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಗೆರೆಯ ದಪ್ಪ ಒಂದೇ. ಸಮೀಕರಣ ಬರೆಯುವ ಮಗಳಿಗೆ ಇದರಿಂದ ಏನೂ ನಷ್ಟವಿಲ್ಲ. ನೆರಳು ತುಂಬುವ, ತೆಳುವಿನಿಂದ ದಪ್ಪಕ್ಕೆ ಹೋಗುವ ಗೆರೆ ಎಳೆಯುವ ಮಗನಿಗೆ ಅದು ಅರ್ಧ ಪೆನ್ನು. ಮೊದಲ ತಲೆಮಾರಿನ ಪೆನ್ಸಿಲ್‌ಗೆ ಒತ್ತಡ ತಿಳಿಯುತ್ತದೆ. ಆದರೆ ಚಾರ್ಜ್ ಮಾಡಲು, ಜೋಡಿಸಲು ಪುಟ್ಟದೊಂದು ಅಡಾಪ್ಟರ್ ಮತ್ತು ಕೇಬಲ್ ಬೇಕು. ಆ ಅಡಾಪ್ಟರ್ ಕಳೆದರೆ ಪೆನ್ಸಿಲ್ ಕೂತಲ್ಲೇ ಕೂರುತ್ತದೆ. ಎರಡನೇ ತಲೆಮಾರಿನ ಪೆನ್ಸಿಲ್, ಪೆನ್ಸಿಲ್ ಪ್ರೊ ಇವೆರಡೂ ಈ ಐಪ್ಯಾಡ್‌ನಲ್ಲಿ ಕೆಲಸ ಮಾಡುವುದಿಲ್ಲ. ‘ಆ್ಯಪಲ್ ಪೆನ್ಸಿಲ್ ಇದೆ, ಕಡಿಮೆಗೆ ಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಯಾವ ಪೆನ್ಸಿಲ್ ಎಂದು ಕೇಳದೆ ಹಣ ಕೊಡಬೇಡಿ.

ಬ್ಯಾಟರಿ ಇರುವ ಯಾವ ಪೆನ್ನನ್ನೂ ತಿಂಗಳುಗಟ್ಟಲೆ ಖಾಲಿ ಬಿಡಬಾರದು. ಒಳಗಿನ ಚಿಕ್ಕ ಲಿಥಿಯಂ ಸೆಲ್ ಪೂರ್ತಿ ಬರಿದಾದರೆ ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು. ಅದನ್ನು ಬಿಚ್ಚಿ ಸೆಲ್ ಬದಲಿಸುವುದು ಆಗದ ಮಾತು. ರಜೆ ಬಂದಾಗಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಲು ಹೇಳಿ.

ಪುಟ

ಪರದೆಯ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. ಓದುವವರಿಗೆ ಬೇಕಾದದ್ದು ಟ್ಯಾಬ್ಲೆಟ್ಟನ್ನು ಉದ್ದಕ್ಕೆ ಹಿಡಿದಾಗ ಸಿಗುವ ಅಗಲ. ಎ4 ಹಾಳೆಯ ಅಗಲ 210 ಮಿ.ಮೀ. ಐಪ್ಯಾಡ್‌ನ ಪರದೆ ಉದ್ದಕ್ಕೆ ಹಿಡಿದಾಗ ಸುಮಾರು 157 ಮಿ.ಮೀ. ಅಗಲವಿದೆ, ಅಂದರೆ ಪುಟ ಮುಕ್ಕಾಲು ಪಾಲಿಗೆ ಕುಗ್ಗುತ್ತದೆ. ಶಿಯೋಮಿ ಪ್ಯಾಡ್ 7 ಕೂಡ ಉದ್ದ–ಅಗಲ 3:2 ಪ್ರಮಾಣದ 11.2 ಇಂಚಿನದು, ಅಗಲ ಹೆಚ್ಚುಕಡಿಮೆ ಅಷ್ಟೇ. ಎಸ್10 ಎಫ್‌ಇ 10.9 ಇಂಚಿನದಾದರೂ 16:10 ಪ್ರಮಾಣದ್ದು, ಹಾಗಾಗಿ ಅಗಲ ಸುಮಾರು 147 ಮಿ.ಮೀ.; ಪುಟ ಶೇ 70ಕ್ಕೆ ಇಳಿಯುತ್ತದೆ. ಎ9 ಪ್ಲಸ್‌ನದೂ ಹೆಚ್ಚುಕಡಿಮೆ ಇದೇ ಅಳತೆ. ಹಾಳೆಯ ಮೇಲೆ 10 ಪಾಯಿಂಟ್ ಇದ್ದ ಅಕ್ಷರ ಮೊದಲೆರಡರಲ್ಲಿ ಏಳೂವರೆ, ಉಳಿದೆರಡರಲ್ಲಿ ಏಳು ಪಾಯಿಂಟ್ ಆಗಿ ಕಾಣುತ್ತದೆ. ಅರ್ಧ ಪಾಯಿಂಟ್ ಏನು ಮಹಾ ಅನ್ನಿಸಬಹುದು. ಸಮೀಕರಣದ ಘಾತಾಂಕ, ಕನ್ನಡ ಪುಟದ ಒತ್ತಕ್ಷರ ಓದುವಾಗ ಆ ಅರ್ಧವೇ ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಇದಕ್ಕೊಂದು ಸುಲಭದ ದಾರಿಯಿದೆ, ದುಡ್ಡು ಖರ್ಚಾಗುವುದಿಲ್ಲ. ಪುಟದ ಎರಡೂ ಬದಿ 25 ಮಿ.ಮೀ. ಖಾಲಿ ಅಂಚು ಇದ್ದರೆ ಅಕ್ಷರಗಳಿರುವ ಅಗಲ 160 ಮಿ.ಮೀ. ಮಾತ್ರ. ಅಂಚು ಕತ್ತರಿಸಿ ತೋರಿಸುವ ಪಿಡಿಎಫ್ ಆ್ಯಪ್ ಬಳಸಿದರೆ ಐಪ್ಯಾಡ್‌ನಲ್ಲೂ ಪ್ಯಾಡ್ 7ರಲ್ಲೂ ಅಕ್ಷರ ಹಾಳೆಯ ಅಳತೆಗೆ ಬಂದುಬಿಡುತ್ತದೆ, ಎಸ್10 ಎಫ್‌ಇಯಲ್ಲಿ ಶೇ 92ಕ್ಕೆ ಬರುತ್ತದೆ. ಯಾವ ಟ್ಯಾಬ್ಲೆಟ್ ಕೊಂಡರೂ ಮೊದಲ ದಿನವೇ ಈ ಕೆಲಸ ಮಾಡಿ.

ಇನ್ನೊಂದು ಕಡೆ ನಿರೀಕ್ಷೆ ಸ್ವಲ್ಪ ಇಳಿಸಿಕೊಳ್ಳಬೇಕು. ಒಂದು ಬದಿಗೆ ವಿಡಿಯೊ, ಇನ್ನೊಂದು ಬದಿಗೆ ಟಿಪ್ಪಣಿ ಎಂದು ಜಾಹೀರಾತಿನಲ್ಲಿ ತೋರಿಸುತ್ತಾರಲ್ಲ, 11 ಇಂಚಿನ ಪರದೆಯನ್ನು ಹಾಗೆ ಸೀಳಿದರೆ ಪುಟಕ್ಕೆ ಉಳಿಯುವುದು 11ರಿಂದ 12 ಸೆಂ.ಮೀ. ಅಗಲ. ಅಷ್ಟರಲ್ಲಿ ಕೈಯಾಡಿಸಿ ಬರೆಯಲು ಆಗುವುದಿಲ್ಲ. ವಿಡಿಯೊ ಫೋನಿನಲ್ಲಿ ಓಡಲಿ, ಟ್ಯಾಬ್ಲೆಟ್ ಪೂರ್ತಿ ಬರವಣಿಗೆಗಿರಲಿ. ಇದೇ ಸರಿಯಾದ ವ್ಯವಸ್ಥೆ. ಎರಡೂ ಒಂದೇ ಪರದೆಯಲ್ಲಿ ಬೇಕೆಂದರೆ 13 ಇಂಚಿನ ಬಳಿ ಹೋಗಬೇಕು. 13 ಇಂಚಿನ ಐಪ್ಯಾಡ್ ಏರ್‌ನಲ್ಲಿ ಎ4 ಪುಟ ಶೇ 94ರಷ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ನಿಮ್ಮ ಪಟ್ಟಿಯ ನಾಲ್ಕೂ ಅರ್ಧ ಕೆಜಿ ಆಸುಪಾಸಿನವು; ಅದು 600 ಗ್ರಾಂ ದಾಟುತ್ತದೆ. ಕವರ್ ಸೇರಿ ಬ್ಯಾಗಿನಲ್ಲಿ ದಿನಾ ಹೊರುವವರಿಗೆ ಅದು ಗೊತ್ತಾಗುತ್ತದೆ.

ಕೇಳಿದ ಮಾತುಗಳಲ್ಲಿ ಎಷ್ಟು ನಿಜ?

ರ‍್ಯಾಮ್: ಆ್ಯಂಡ್ರಾಯ್ಡ್ ಮತ್ತು ಐಪ್ಯಾಡ್ ನಡುವೆ ರ‍್ಯಾಮ್ ಅಂಕಿ ಹೋಲಿಸುವುದರಲ್ಲಿ ಅರ್ಥವಿಲ್ಲ, ಎರಡರ ಬಳಕೆಯ ರೀತಿಯೇ ಬೇರೆ. ಆ್ಯಂಡ್ರಾಯ್ಡ್ ಒಳಗಡೆ ಹೋಲಿಸುವಾಗ ಮಾತ್ರ ಇದು ಮುಖ್ಯ. 4 ಜಿಬಿ ಇರುವ ಟ್ಯಾಬ್ಲೆಟ್‌ನಲ್ಲಿ ವ್ಯವಸ್ಥೆಗೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಪಿಡಿಎಫ್‌ನಿಂದ ಬ್ರೌಸರ್‌ಗೆ ಹೋಗಿ ವಾಪಸ್ ಬಂದರೆ ಪಿಡಿಎಫ್ ಮೊದಲಿಂದ ತೆರೆದುಕೊಳ್ಳುತ್ತದೆ, ಓದುತ್ತಿದ್ದ ಪುಟ ಕಳೆದುಹೋಗುತ್ತದೆ. ಮಕ್ಕಳು ‘ಟ್ಯಾಬ್ ಸ್ಲೋ ಆಗಿದೆ’ ಅನ್ನುವುದು ಹೆಚ್ಚಾಗಿ ಇದಕ್ಕೇ. ನಾಲ್ಕೈದು ವರ್ಷಕ್ಕೆಂದು ಕೊಳ್ಳುವಾಗ 8 ಜಿಬಿಗಿಂತ ಕೆಳಗೆ ಹೋಗಬೇಡಿ. ‘8 ಜಿಬಿ ಪ್ಲಸ್ 8 ಜಿಬಿ’ ಎಂದು ಬರೆದಿದ್ದರೆ ಮೊದಲಿನ ಅಂಕಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡನೆಯದು ಸಂಗ್ರಹದ ಒಂದು ಭಾಗವನ್ನು ರ‍್ಯಾಮ್‌ನಂತೆ ಬಳಸುವ ಏರ್ಪಾಡು. ನಿಜವಾದ ರ‍್ಯಾಮ್‌ನ ವೇಗ ಅದಕ್ಕೆ ಬರುವುದಿಲ್ಲ, ಸಂಗ್ರಹದ ಜಾಗವೂ ಕಡಿಮೆಯಾಗುತ್ತದೆ.

ಎಂಎಎಚ್: ಐಪ್ಯಾಡ್‌ನ ಬ್ಯಾಟರಿಯನ್ನು ವ್ಯಾಟ್ ಅವರ್‌ನಲ್ಲಿ ಹೇಳುತ್ತಾರೆ, ಉಳಿದವರು ಎಂಎಎಚ್‌ನಲ್ಲಿ. ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ 3.85ರಿಂದ ಗುಣಿಸಿದರೆ ವ್ಯಾಟ್ ಅವರ್ ಅಂದಾಜು ಸಿಗುತ್ತದೆ. ಎಸ್10 ಎಫ್‌ಇಯ 8000 ಎಂಎಎಚ್ ಎಂದರೆ ಸುಮಾರು 31 ವ್ಯಾಟ್ ಅವರ್, ಪ್ಯಾಡ್ 7ರ 8850 ಎಂದರೆ 34, ಎ9 ಪ್ಲಸ್‌ನ 7040 ಎಂದರೆ 27. ಐಪ್ಯಾಡ್‌ನದು 28.93. ಅಂತರ ಅಷ್ಟೇ. ಪರದೆಯ ಬೆಳಕನ್ನು ಪೂರ್ತಿ ಏರಿಸಿದರೆ ಈ ಅಂತರ ಕಾಣದಂತೆ ಕರಗಿಹೋಗುತ್ತದೆ. ನಾಲ್ಕೂ ಕಾಲೇಜಿನ ಒಂದು ದಿನಕ್ಕೆ ಸಾಕು.

ಹತ್ತು ವರ್ಷ: ಐಪ್ಯಾಡ್‌ಗಳಿಗೆ ಬಹಳ ಕಾಲ ಅಪ್‌ಡೇಟ್ ಬರುವುದು ನಿಜ, ಹತ್ತು ವರ್ಷ ಅನ್ನುವುದು ಉತ್ಪ್ರೇಕ್ಷೆ. 2019ರಲ್ಲಿ ಬಂದ ಏಳನೇ ತಲೆಮಾರಿನ ಐಪ್ಯಾಡ್‌ಗೆ 2025ರ ಐಪ್ಯಾಡ್‌ಓಎಸ್ 26 ಸಿಗಲಿಲ್ಲ. ಆರು ವರ್ಷವಾಯಿತು. ಅದಾದ ಮೇಲೂ ಆ್ಯಪ್‌ಗಳು ಒಂದಷ್ಟು ಕಾಲ ನಡೆಯುತ್ತವೆ, ಆಮೇಲೆ ಒಂದೊಂದೇ ಕೈಕೊಡುತ್ತವೆ. ಇಲ್ಲಿ ಎಲ್ಲ ಬ್ರ್ಯಾಂಡ್‌ಗೂ ಅನ್ವಯಿಸುವ ಮಾತೊಂದಿದೆ: ಅಪ್‌ಡೇಟ್ ವರ್ಷಗಳನ್ನು ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ. ಎ9 ಪ್ಲಸ್ ಬಂದದ್ದು 2023ರಲ್ಲಿ, ಪ್ಯಾಡ್ 7 ಬಂದದ್ದು 2024ರ ಕೊನೆಗೆ, ಎ16 ಐಪ್ಯಾಡ್ ಮತ್ತು ಎಸ್10 ಎಫ್‌ಇ 2025ರಲ್ಲಿ. ಹಳೆಯ ಮಾದರಿ ಕಡಿಮೆ ಬೆಲೆಗೆ ಸಿಗುವಾಗ ಕಳೆದ ವರ್ಷಗಳ ಲೆಕ್ಕವೂ ಆ ಬೆಲೆಯಲ್ಲಿ ಸೇರಿರುತ್ತದೆ. ಬ್ಯಾಟರಿಗೂ ಆಯಸ್ಸಿದೆ. ಐಪ್ಯಾಡ್ ಬ್ಯಾಟರಿ ಸಾವಿರ ಪೂರ್ಣ ಚಾರ್ಜ್‌ಗಳ ನಂತರ ಶೇ 80ರಷ್ಟು ಉಳಿಸಿಕೊಳ್ಳುವಂತೆ ಮಾಡಿದ್ದು ಎಂದು ಕಂಪನಿ ಹೇಳುತ್ತದೆ. ವರ್ಷಕ್ಕೆ 250 ಪೂರ್ಣ ಚಾರ್ಜ್ ಆದರೆ ನಾಲ್ಕು ವರ್ಷ. ನಿಮ್ಮ ಅಂದಾಜು ಸರಿಯಾಗಿಯೇ ಇದೆ.

ಲ್ಯಾಪ್‌ಟಾಪ್ ಬೇಡವೇ: ಇದಕ್ಕೆ ಉತ್ತರ ಮಗಳ ಪಠ್ಯಕ್ರಮದಲ್ಲಿದೆ. ಪ್ರೋಗ್ರಾಮಿಂಗ್, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕ್ಯಾಡ್, ಅಂಕಿಅಂಶದ ತಂತ್ರಾಂಶ, ವಿಂಡೋಸ್‌ನಲ್ಲೇ ನಡೆಯುವ ಪರೀಕ್ಷಾ ತಂತ್ರಾಂಶ ಇವುಗಳಲ್ಲಿ ಒಂದಿದ್ದರೂ ಈ ನಾಲ್ಕು ಟ್ಯಾಬ್ಲೆಟ್‌ಗಳಲ್ಲಿ ಯಾವುದೂ ಲ್ಯಾಪ್‌ಟಾಪ್ ಆಗದು. ಕೀಬೋರ್ಡ್ ಜೋಡಿಸಿದರೂ ಆಗದು. ಕೊರತೆ ಕೀಬೋರ್ಡ್‌ನದಲ್ಲ, ತಂತ್ರಾಂಶದ್ದು. ಒಂದನ್ನೇ ಕೊಳ್ಳುವ ಹಣವಿದ್ದು ಇಂಥ ವಿಷಯ ಎರಡನೇ ವರ್ಷದಲ್ಲಿ ಬರುವುದಿದ್ದರೆ, ಮೊದಲು ಲ್ಯಾಪ್‌ಟಾಪ್ ಕೊಳ್ಳಿ. ಕೈಬರಹಕ್ಕೆ ನೋಟ್‌ಬುಕ್ಕೇ ಇದೆ, ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಂಡರಾಯಿತು. ಕಾಲೇಜಿನ ಹಿರಿಯ ವಿದ್ಯಾರ್ಥಿಗಳನ್ನು ಒಮ್ಮೆ ವಿಚಾರಿಸಲು ಮಗಳಿಗೆ ಹೇಳಿ.

ಗಾಜು, ಜಾಗ, ಇಬ್ಬರು ಮಕ್ಕಳು

ಎ16 ಐಪ್ಯಾಡ್‌ನಲ್ಲಿ ಮೇಲಿನ ಗಾಜು ಮತ್ತು ಒಳಗಿನ ಪರದೆ ಒಂದಕ್ಕೊಂದು ಅಂಟಿಲ್ಲ, ನಡುವೆ ತೆಳುವಾದ ಸಂದಿಯಿದೆ. ಪೆನ್ನಿನ ತುದಿಗೂ ಗೆರೆಗೂ ಕೂದಲಿನಷ್ಟು ಅಂತರ ಕಾಣುತ್ತದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಟಿಪ್ಪಣಿ ಬರೆಯುವವರು ಎರಡು ದಿನಕ್ಕೆ ಒಗ್ಗಿಕೊಳ್ಳುತ್ತಾರೆ, ಸೂಕ್ಷ್ಮ ಚಿತ್ರ ಬಿಡಿಸುವವರಿಗೆ ಕಿರಿಕಿರಿ ಉಳಿಯುತ್ತದೆ. ಆದರೆ ಬಿದ್ದು ಗಾಜು ಮಾತ್ರ ಒಡೆದರೆ ಗಾಜನ್ನಷ್ಟೇ ಬದಲಿಸಲು ಬರುತ್ತದೆ, ಅಂಟಿದ ಪರದೆಯಲ್ಲಿ ಎರಡೂ ಹೋಗುತ್ತವೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಲಾಭವಲ್ಲ. ಎಸ್10 ಎಫ್‌ಇಗೆ ನೀರು, ಧೂಳು ತಡೆಯುವ ಐಪಿ68 ರಕ್ಷಣೆ ಇದೆ, ನೀರಿನ ಲೋಟ ಉರುಳಿದರೆ ಉಳಿದುಕೊಳ್ಳುತ್ತದೆ. ಒಮ್ಮೆ ರಿಪೇರಿಗೆ ಬಿಚ್ಚಿದ ಮೇಲೆ ಆ ರಕ್ಷಣೆಯನ್ನು ನಂಬಬೇಡಿ.

ಕಾಗದದಂತೆ ಒರಟಾಗಿರುವ ಪರದೆ ಹಾಳೆ ಅಂಟಿಸಬೇಕೇ ಎಂದು ಮುಂದೆ ನೀವೇ ಕೇಳುವಿರಿ. ಬರೆಯುವ ಹಿಡಿತ ಚೆನ್ನಾಗಿರುತ್ತದೆ. ಪೆನ್ನಿನ ತುದಿ ಬೇಗ ಸವೆಯುತ್ತದೆ, ಓದುವಾಗ ಅಕ್ಷರದ ಸುತ್ತ ಮಿನುಗು ಕಾಣುತ್ತದೆ. ದಿನವೂ ಓದುವ ಮಗಳಿಗೆ ಅದು ಬೇಡ.

ಸಂಗ್ರಹದ ಲೆಕ್ಕ ಸುಲಭ. ಸಾಧಾರಣ ಗುಣಮಟ್ಟದ ಪಾಠದ ವಿಡಿಯೊ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಎಂದಿಟ್ಟುಕೊಂಡರೆ ಗಂಟೆಗೆ 675 ಎಂಬಿ. ದಿನಕ್ಕೆರಡು ಗಂಟೆ ಡೌನ್‌ಲೋಡ್ ಮಾಡಿ ಅಳಿಸದೆ ಬಿಟ್ಟರೆ 128 ಜಿಬಿಯಲ್ಲಿ ಉಳಿಯುವ ಸುಮಾರು 100 ಜಿಬಿ ಎರಡೂವರೆ ತಿಂಗಳಿಗೆ ತುಂಬುತ್ತದೆ. ಸ್ಯಾಮ್‌ಸಂಗ್‌ನ ಎರಡಕ್ಕೂ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಬಹುದು. ಐಪ್ಯಾಡ್, ಪ್ಯಾಡ್ 7 ಎರಡಕ್ಕೂ ಆ ಜಾಗವಿಲ್ಲ. ಕಾರ್ಡಿನಲ್ಲಿ ಪಾಠದ ವಿಡಿಯೊ, ಪುಸ್ತಕ ಇಡಿ. ಕೈಬರಹದ ಟಿಪ್ಪಣಿ ಇಡಬೇಡಿ, ಕಾರ್ಡ್ ಮುನ್ಸೂಚನೆ ಕೊಡದೆ ಸಾಯುತ್ತದೆ.

ಅಕ್ಕ–ತಮ್ಮ ಹಂಚಿಕೊಳ್ಳುವ ವಿಷಯ ಹೋಲಿಕೆ ಪಟ್ಟಿಗಳಲ್ಲಿ ಬರುವುದೇ ಇಲ್ಲ, ಜಗಳ ಹುಟ್ಟುವುದು ಮಾತ್ರ ಅಲ್ಲೇ. ಸ್ಯಾಮ್‌ಸಂಗ್ ಟ್ಯಾಬ್ಲೆಟ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ತೆರೆಯಬಹುದು: ಅವಳ ಟಿಪ್ಪಣಿ ಅವನಿಗೆ ಕಾಣದು, ಅವನ ಆಟ ಅವಳ ಕಡೆ ಸದ್ದು ಮಾಡದು. ಮನೆಯಲ್ಲಿ ಬಳಸುವ ಐಪ್ಯಾಡ್ ಒಬ್ಬರ ಖಾತೆಯದ್ದು. ಐಪ್ಯಾಡ್‌ಓಎಸ್ 18ರಿಂದ ಒಂದೊಂದು ಆ್ಯಪ್‌ಗೆ ಬೀಗ ಹಾಕಲು ಬರುತ್ತದೆ, ಆದರೆ ಅದು ಬೇರೆ ಕೋಣೆ ಕೊಟ್ಟಂತಲ್ಲ, ಒಂದೇ ಕೋಣೆಯ ಬೀರುವಿಗೆ ಬೀಗ ಹಾಕಿದಂತೆ.

ಸಿಮ್ ಹಾಕುವ ಮಾದರಿ ಬೇಕೇ? ಫೋನಿನ ಹಾಟ್‌ಸ್ಪಾಟ್ ಸಾಕು. ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಐಪ್ಯಾಡ್‌ನಿಂದ ಮಾಮೂಲಿ ಕರೆ ಮಾಡಲು ಆಗುವುದಿಲ್ಲ ಎಂಬುದಷ್ಟು ತಿಳಿದಿರಲಿ.

ಹಾಗಾದರೆ ಯಾವುದು?

ನೀವು ಬರೆದ ಬಳಕೆಗೆ ನಾನು ಮೊದಲು ಹೇಳುವುದು ಟ್ಯಾಬ್ ಎಸ್10 ಎಫ್‌ಇ. ಒತ್ತಡ ತಿಳಿಯುವ ಪೆನ್ನು ಪೆಟ್ಟಿಗೆಯಲ್ಲೇ ಇದೆ, ಇಬ್ಬರಿಗೂ ಖಾತೆ ಸಿಗುತ್ತದೆ, ಕಾರ್ಡ್ ಹಾಕಬಹುದು. ಕೊರತೆ ಪುಟದ ಅಗಲದ್ದು. ಅಂಚು ಕತ್ತರಿಸಿ ಓದಿದರೆ ಬಹುಪಾಲು ನೀಗುತ್ತದೆ. ಚಿಪ್ ಈ ನಾಲ್ಕರಲ್ಲಿ ವೇಗದ್ದಲ್ಲ. ಭಾರಿ ಆಟಗಳನ್ನು ಆಡುವ ಆಸೆ ಮಗನಿಗಿದ್ದರೆ ಅದು ತಿಳಿಯುತ್ತದೆ, ಟಿಪ್ಪಣಿಗೆ ತಿಳಿಯುವುದಿಲ್ಲ.

ಮಗ ಚಿತ್ರ ಬಿಡಿಸುವ ಪ್ರೊಕ್ರಿಯೇಟ್ ಆ್ಯಪ್‌ನಲ್ಲೇ ಕಲಿಯುತ್ತಿದ್ದರೆ ಐಪ್ಯಾಡ್ ಬಿಟ್ಟು ದಾರಿಯಿಲ್ಲ, ಆ ಆ್ಯಪ್ ಬೇರೆಡೆ ಇಲ್ಲ. ಆಗ ಮೊದಲ ತಲೆಮಾರಿನ ಪೆನ್ಸಿಲ್ ಜತೆ ಎ16 ಐಪ್ಯಾಡ್ ತೆಗೆದುಕೊಳ್ಳಿ. ಇಲ್ಲವೇ ಸರಿಪಡಿಸಿ ಮಾರುವ ಐಪ್ಯಾಡ್ ಏರ್ ಸಿಕ್ಕರೆ ನೋಡಿ: 2022ರ ಐದನೇ ತಲೆಮಾರಿನ ಏರ್‌ನಲ್ಲಿ ಎಂ1 ಚಿಪ್ ಇದೆ, ಗಾಜು ಪರದೆಗೆ ಅಂಟಿದೆ, ಎರಡನೇ ತಲೆಮಾರಿನ ಪೆನ್ಸಿಲ್ ಬದಿಗೆ ಅಂಟಿಕೊಂಡೇ ಚಾರ್ಜ್ ಆಗುತ್ತದೆ. ಅದರ ಅಪಾಯಗಳೂ ಇವೆ. ಆರಂಭದ ಮಾದರಿ 64 ಜಿಬಿಯದು, ನಿಮಗೆ ಸಾಲದು. 256 ಜಿಬಿಯದನ್ನೇ ಹುಡುಕಬೇಕು. ಆ ಪೆನ್ಸಿಲ್ ಮುಂದೆ ಹೊಸ ಏರ್ ಕೊಂಡಾಗ ಉಪಯೋಗಕ್ಕೆ ಬರುವುದಿಲ್ಲ. ಖಾಸಗಿಯವರಿಂದ ಕೊಳ್ಳುವುದಾದರೆ ಹಳೆಯ ಮಾಲೀಕರ ಖಾತೆ ನಿಮ್ಮ ಎದುರಿಗೇ ತೆಗೆಯಲಿ. ಬೀಗ ಬಿದ್ದ ಐಪ್ಯಾಡ್ ಅವರಿಲ್ಲದೆ ತೆರೆಯುವುದಿಲ್ಲ.

ಪ್ಯಾಡ್ 7ರ ಪರದೆ ಈ ನಾಲ್ಕರಲ್ಲಿ ಅತ್ಯಂತ ಚೊಕ್ಕ, 3200×2136 ಬಿಂದುಗಳದ್ದು. ಪುಟದ ಅಗಲವೂ ಒಳ್ಳೆಯದು, ಚಿಪ್ ವೇಗದ್ದು. ಓದುವುದೇ ಮುಖ್ಯ, ಬರವಣಿಗೆ ಅಪರೂಪ ಎಂದಿದ್ದರೆ ಇದನ್ನೇ ಮೇಲಿಡುತ್ತಿದ್ದೆ. ಪೆನ್ನಿನ ಬೆಲೆ ಸೇರಿಸಿ ನೋಡಿ. ಬೆರಳಚ್ಚು ಸೆನ್ಸರ್ ಇಲ್ಲ, ಕಾರ್ಡ್ ಜಾಗವಿಲ್ಲ, ಸಿಮ್ ಮಾದರಿಯೂ ಇಲ್ಲ. ಎ9 ಪ್ಲಸ್ ಕೈಬರಹವೇ ಬೇಡದವರಿಗೆ, ಅದೂ 8 ಜಿಬಿ ರ‍್ಯಾಮ್ ಇರುವುದಾದರೆ ಮಾತ್ರ.

ಕೊಳ್ಳುವ ಮುನ್ನ ಹತ್ತು ನಿಮಿಷ

ಮಗಳನ್ನು ಕರೆದುಕೊಂಡು ಹೋಗಿ. ಅವಳದ್ದೇ ಪಾಠದ ಪಿಡಿಎಫ್ ಒಂದು, ಸ್ಕ್ಯಾನ್ ಮಾಡಿದ ದಪ್ಪ ಪುಸ್ತಕ ಒಂದು ಇಮೇಲ್‌ನಲ್ಲಿ ಇಟ್ಟುಕೊಂಡಿರಿ. ಅಲ್ಲಿ ತೆರೆದು ನೂರು ಪುಟ ಬೇಗ ಬೇಗ ಸರಿಸಿ. ಪುಟಗಳು ಬಿಳಿಯಾಗಿ ನಿಂತು ಆಮೇಲೆ ತುಂಬಿಕೊಳ್ಳುತ್ತವೆಯೇ ನೋಡಿ. ಆಮೇಲೆ ಅಂಗೈ ಊರಿ, ಅವಳ ಮಾಮೂಲಿ ವೇಗದಲ್ಲಿ ಎರಡು ಸಮೀಕರಣ ಬರೆಯಲಿ. ಕೊನೆಯದಾಗಿ ಒಂದು ಸ್ಕೇಲ್ ಇಟ್ಟು ಓರೆಯಾಗಿ, ತೀರಾ ನಿಧಾನವಾಗಿ ಗೆರೆ ಎಳೆಯಿರಿ. ಬೇಗ ಎಳೆದರೆ ಎಲ್ಲ ಪೆನ್ನಿನ ಗೆರೆಯೂ ನೇರವಾಗಿಯೇ ಬರುತ್ತದೆ. ನಿಧಾನಕ್ಕೆ ಎಳೆದಾಗ ಕಳಪೆ ಪೆನ್ನಿನದು ಸಣ್ಣ ಸಣ್ಣ ಅಲೆಯಾಗಿ ಬಳುಕುತ್ತದೆ. ಮಗನ ಚಿತ್ರಕ್ಕೆ ಈ ಒಂದು ಗೆರೆ ಸಾಕು ಪರೀಕ್ಷೆ.

ಮನೆಗೆ ತಂದ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತೆರೆದು ಸತ್ತ ಚುಕ್ಕಿ ಇದೆಯೇ ನೋಡಿ. ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ನೋಡಬೇಕು. ಆ್ಯಂಡ್ರಾಯ್ಡ್ ಆಗಿದ್ದರೆ ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್ ವ್ಯವಸ್ಥೆಯ ಮಟ್ಟ ಎಲ್1 ಇದೆಯೇ ಎಂದು ಡಿಆರ್‌ಎಂ ಮಾಹಿತಿ ತೋರಿಸುವ ಆ್ಯಪ್‌ನಲ್ಲಿ ಖಚಿತಪಡಿಸಿಕೊಳ್ಳಿ. ಎಲ್3 ಇದ್ದರೆ ಹಣ ಕೊಟ್ಟು ನೋಡುವ ವಿಡಿಯೊ ಸೇವೆಗಳು ಮಸುಕು ಚಿತ್ರವನ್ನೇ ಕೊಡುತ್ತವೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಶೇ 80ರ ಮಿತಿ ಇದ್ದರೆ ಹಾಕಿಡಿ, ರಾತ್ರಿಯಿಡೀ ಪ್ಲಗ್‌ನಲ್ಲಿ ಬಿಡುವ ಮನೆಯಲ್ಲಿ ಅದರಿಂದ ಆಯಸ್ಸು ಹೆಚ್ಚುತ್ತದೆ. ಮುಂದೆ ಎಂದಾದರೂ ಪರದೆಯ ಅಂಚು ಎದ್ದಂತೆ ಕಂಡರೆ ಅಂಟು ಬಿಟ್ಟದ್ದೆಂದುಕೊಳ್ಳಬೇಡಿ, ಬ್ಯಾಟರಿ ಊದಿರಬಹುದು. ಒತ್ತಿ ಕೂರಿಸಬೇಡಿ, ಚಾರ್ಜ್ ಮಾಡಬೇಡಿ, ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಟಿಪ್ಪಣಿಗಳ ವಿಷಯ ಒಂದು ಉಳಿಯಿತು. ಪ್ರತಿ ಟಿಪ್ಪಣಿ ಆ್ಯಪ್‌ಗೂ ತನ್ನದೇ ಕಡತ ಮಾದರಿ ಇದೆ, ನಾಲ್ಕು ವರ್ಷದ ಕೈಬರಹ ಅದರಲ್ಲೇ ಸಿಕ್ಕಿಕೊಂಡರೆ ಬ್ರ್ಯಾಂಡ್ ಬದಲಿಸಲು ಆಗುವುದಿಲ್ಲ. ಆಯಾ ವಾರದ ಟಿಪ್ಪಣಿಯನ್ನು ಪಿಡಿಎಫ್ ಮಾಡಿ ಟ್ಯಾಬ್ಲೆಟ್‌ನ ಹೊರಗೆ, ಕ್ಲೌಡ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಉಳಿಸಲು ಮಗಳಿಗೆ ಮೊದಲ ವಾರದಿಂದಲೇ ಅಭ್ಯಾಸ ಮಾಡಿಸಿ. ಟ್ಯಾಬ್ಲೆಟ್ ಪರೀಕ್ಷೆಯ ಹಿಂದಿನ ದಿನ ಬಿದ್ದು ಒಡೆದರೂ ಅವಳು ಫೋನಿನಲ್ಲಿ ಓದಿಕೊಳ್ಳಬಹುದು.